ಮುಟ್ಟಿಗಿಂತ ಮೊದಲು ಬಂದ ಕುಂದಾ

ಖಾನಾಪುರದ ನಮ್ಮ ಅತ್ತೆಯ ಮನೆಯಲ್ಲಿ ಮುಟ್ಟಾದವರು ಇಂದಿಗೂ ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಬೇರೆ ಕೂರಬೇಕು. ಊಟ, ಚಹಾ ಎಲ್ಲ ಅಲ್ಲಿಗೇ ಬರುತ್ತದೆ. ಪಡಸಾಲೆಯ ಬಾಗಿಲು ಬೀದಿಗೆ ತೆರೆದಿರುವುದರಿಂದ ಯಾವ ಸೊಸೆಯ ದಿನ ಯಾವಾಗ ಎಂಬುದು ಇಡೀ ಓಣಿಗೆ ಬಾಯಿಪಾಠ. ಅತ್ತೆ ಇದನ್ನು ಮಡಿ ಎನ್ನುತ್ತಾರೆ, ನಾನು ಜಾಹೀರಾತು ಎನ್ನುತ್ತೇನೆ.

ಕಳೆದ ವರ್ಷ ಅವರು ಮನೆಯಲ್ಲಿ ಪೂಜೆ ಇಟ್ಟುಕೊಂಡರು. ನನ್ನ ದಿನ ಅಡ್ಡ ಬರುತ್ತದೆಂದು ಮುಟ್ಟು ಮುಂದೂಡುವ ಗುಳಿಗೆಯನ್ನು ತಾವೇ ಅಂಗಡಿಯಿಂದ ತಂದುಕೊಟ್ಟರು. ಪೂಜೆ ಸಾಂಗವಾಗಿ ಮುಗಿಯಿತು. ಗುಳಿಗೆ ಬಿಟ್ಟು ನಾವಿರುವ ಬೆಳಗಾವಿಗೆ ಮರಳಿದ ಮೇಲೂ ಮುಟ್ಟು ಬರಲಿಲ್ಲ. ಮುಂದಿನ ಸಲ ಹೋದಾಗ, ಇನ್ನೂ ಆಗಿಲ್ಲವೆಂದು ನನ್ನ ಬಾಯಿಂದಲೇ ಕೇಳಿ ಅತ್ತೆ ನನ್ನನ್ನೇ ನೋಡಿದರು. ಗುಳಿಗೆಯ ವಿಷಯ ಅವರಿಗೆ ಮರೆತೇ ಹೋಗಿತ್ತು.

"ಈ ತಿಂಗಳ ನೀ ಕುಂತs ಇಲ್ಲಲ್ಲ?" ಎಂದು ನಕ್ಕರು.

ಸಂಜೆಯೊಳಗೆ ಮನೆಯಲ್ಲಿದ್ದ ಪಪ್ಪಾಯಿ ಮಾಯವಾಯಿತು. ಬಾಜು ಮನೆಯ ಮರಾಠಿ ಹೆಂಗಸು ಹಾಲಿನ ಸಿಹಿ ಕುಂದಾ ಹಿಡಿದು ಬಂದು, "ಗೋಡ್ ಬಾತ್ಮಿ, ಸಿಹಿ ಸುದ್ದಿ ಐತಂತಲ್ಲ!" ಎಂದು ಗಲ್ಲ ಹಿಂಡಿದರು. ಕೂಸು ಹುಟ್ಟುವ ಮುಂಚೆ ಕುಲಾವಿ! ಆದರೆ ಮದುವೆಯಾಗಿ ವರ್ಷಗಳಾಗಿದ್ದವು, ಮಗುವಿನ ಆಸೆ ಅವರೆಲ್ಲರಿಗಿಂತ ನನಗೇ ಹೆಚ್ಚಿತ್ತು. ನಾನೂ ಕುಂದಾ ತಿಂದೆ.

ಬೆಳಗಾವಿಯ ಡಾಕ್ಟರಮ್ಮ ಪರೀಕ್ಷೆ ಮಾಡಿಸಿ, ಬಸಿರಲ್ಲ ಎಂದರು. "ಗುಳಿಗಿ ನುಂಗಿ ಮುಂದ ಹಾಕೂವರೂ ನೀವs, ತಡಾ ಆತಂದ್ರ ಸಿಹಿ ಹಂಚೂವರೂ ನೀವs!" ಎಂದು ಬೈದರು. ಗುಳಿಗೆಯಿಂದ, ಚಿಂತೆಯಿಂದ, ಥೈರಾಯ್ಡಿನಿಂದಲೂ ತಡವಾಗಬಹುದು, ವಾರ ಕಳೆದರೂ ಬರದಿದ್ದರೆ ಮತ್ತೆ ಬಾ ಎಂದರು. ತಲೆಯಾಡಿಸಿದೆ. ಹೊರಗೆ ಬಂದು ಸ್ಕೂಟರ್ ಹತ್ತಿರ ನಿಂತು ಕಣ್ಣೀರು ಹಾಕಿದೆ.

ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಭಾನುವಾರ ಖಾನಾಪುರಕ್ಕೆ ಹೋದೆ. ಹೇಳುವ ಮೊದಲೇ ಅಲ್ಲಿಯೇ ಮುಟ್ಟಾಯಿತು. ಇನ್ನು ಪಡಸಾಲೆಯಲ್ಲಿ ಕೂತರೆ ಓಣಿಗೆಲ್ಲ ಸುದ್ದಿ, ಬಂದವರೆಲ್ಲ ಅಯ್ಯೋ ಪಾಪ ಎನ್ನುವವರೇ. ಚಾಪೆಗೆ ಕೈ ಹಾಕಿದೆ. ಅತ್ತೆ ನನ್ನ ಮುಖ ನೋಡಿದರು, ಅವರಿಗೆ ತಿಳಿಯಿತು.

ಚಾಪೆಯನ್ನು ನನ್ನ ಕೈಯಿಂದ ಕಸಿದುಕೊಂಡು, "ಒಳಗ ನಡಿ. ಮಂದೀಗಿ ಯಾಕ ಗೊತ್ತಾಗಬೇಕು? ಚಾ ಇಡು," ಎಂದರು.

ನಾನು ಒಲೆ ಹಚ್ಚಿದೆ. ಅತ್ತೆ ದೇವರ ಕೋಣೆಯ ಬಾಗಿಲನ್ನು ಮೆಲ್ಲಗೆ ಮುಂದಕ್ಕೆಳೆದು ಬಂದು, ನಾನು ಕೊಟ್ಟ ಲೋಟವನ್ನು ನನ್ನ ಕೈಯಿಂದಲೇ ತೆಗೆದುಕೊಂಡು ಕುಡಿದರು.