ಓಬಳಯ್ಯನವರ ವರದಿಗೆ ಬಂದ ಹಿಪ್ಪೋ

ಕೊರಟಗೆರೆಯಲ್ಲಿ ಕುರಿಗಳಿಗೆ ಲಸಿಕೆ ಹಾಕಿಸುವ ಒಂದು ಸಣ್ಣ ಕಚೇರಿ. ಅಲ್ಲಿ ಓಬಳಯ್ಯನವರು ಇಪ್ಪತ್ತೊಂಬತ್ತು ವರ್ಷದಿಂದ ಗುಮಾಸ್ತರು. ಕಡತಕ್ಕೆ ಕಟ್ಟಿದ ದಾರದ ಗಂಟು ನೋಡಿಯೇ ಅದು ಯಾವ ವರ್ಷದ್ದು ಎಂದು ಹೇಳಬಲ್ಲವರು. ಅವರದೊಂದು ನಿಯಮವಿತ್ತು. ಸರ್ಕಾರಿ ಕಾಗದದಲ್ಲಿ ಒಮ್ಮೆ ಬರೆದದ್ದನ್ನು ಅಳಿಸಕೂಡದು. ತಪ್ಪಾದರೆ ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಬೇಕು. ಹೆಂಡತಿ ಜಯಕ್ಕ ಕ್ಯಾಲೆಂಡರಿನಲ್ಲಿ ಗ್ಯಾಸ್ ಬಂದ ತಾರೀಕು ತಪ್ಪಾಗಿ ಬರೆದರೆ ಅದಕ್ಕೂ ಗೆರೆ ಎಳೆದು ಸಹಿ ಹಾಕುತ್ತಿದ್ದರು.

ಇಂಥವರಿಗೆ ಮಧುಗಿರಿಯ ಮೇಲಿನ ಕಚೇರಿಯಿಂದ ಆದೇಶ ಬಂತು. ಇನ್ನು ಮುಂದೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದವರು ಯಾರೂ ತಿಂಗಳ ವರದಿಯನ್ನು ಕಾಗದದಲ್ಲಿ ಕಳಿಸಬೇಕಿಲ್ಲ. ಆನ್‌ಲೈನ್ ಡ್ರೈವ್‌ನಲ್ಲಿ ಎಲ್ಲರಿಗೂ ಸೇರಿ ಒಂದೇ ಶೀಟ್ ಇದೆ, ಲಿಂಕ್ ಒತ್ತಿ ಅದರಲ್ಲೇ ತುಂಬಬೇಕು.

ಓಬಳಯ್ಯ ಹೆದರಲಿಲ್ಲ. ಕನ್ನಡ ಟೈಪಿಂಗ್ ಪರೀಕ್ಷೆ ಪಾಸು ಮಾಡಿದ್ದವರು. ಮೊದಲ ತಿಂಗಳು ಶೀಟ್ ತುಂಬಿ, ಅದನ್ನು ಪ್ರಿಂಟ್ ತೆಗೆದು, 'ರವಾನಿಸಲಾಗಿದೆ' ಎಂಬ ಸೀಲು ಒತ್ತಿ, ದಾರ ಕಟ್ಟಿಟ್ಟರು. ಆಮೇಲೆ ಮಧುಗಿರಿಗೆ ಫೋನ್ ಮಾಡಿದರು.

"ನಮ್ದು ಬಂತಾ ಸಾರ್?"

"ಅದು ಬರೋದಲ್ಲ ಸಾರ್, ಅಲ್ಲೇ ಇರ್ತದೆ," ಎಂದಿತು ಆ ಕಡೆಯ ದನಿ.

"ಅಲ್ಲೇ ಇದ್ರೆ ನಿಮಗೆಂಗೆ ಬಂದಂಗಾಯ್ತು?"

ಆ ಕಡೆಯವರು ಫೋನ್ ಇಟ್ಟುಬಿಟ್ಟರು.

ಎರಡನೇ ತಿಂಗಳು ಟಗರುಗಳ ಸಂಖ್ಯೆ ತುಂಬುತ್ತಿದ್ದಾಗ ಕೆಳಗಿನ ಸಾಲಿನಲ್ಲಿ ಅಕ್ಷರಗಳು ತಾವಾಗಿಯೇ ಮೂಡತೊಡಗಿದವು. ಓಬಳಯ್ಯ ಕೀಬೋರ್ಡಿನಿಂದ ಕೈ ತೆಗೆದರು. ಅಕ್ಷರಗಳು ನಿಲ್ಲಲಿಲ್ಲ. ಪರದೆಯ ಮೇಲ್ಭಾಗದಲ್ಲಿ ನೇರಳೆ ಬಣ್ಣದ ಒಂದು ಗುರುತು, ಅದರಡಿ 'ಅನಾನಿಮಸ್ ಹಿಪ್ಪೋ' ಎಂಬ ಹೆಸರು. ಎದ್ದು ಹೋಗಿ ನೀರು ಕುಡಿದು ಬಂದರು. ಹಿಪ್ಪೋ ಇನ್ನೂ ಬರೆಯುತ್ತಲೇ ಇತ್ತು. ಕೊನೆಗೆ ಧೈರ್ಯ ಮಾಡಿ ಶೀಟಿನ ಪಕ್ಕದ ಖಾಲಿ ಚೌಕದಲ್ಲಿ ಟೈಪ್ ಮಾಡಿದರು: "ಯಾರು ನೀವು? ಇದು ಸರ್ಕಾರಿ ಶೀಟ್."

ತಕ್ಷಣ ಉತ್ತರ ಬಂತು. "ನಾನು ಗಂಗಾಂಬಿಕಾ ಸಾರ್, ಪಾವಗಡ ಆಫೀಸು. ನೀವ್ಯಾರು? ನನಗಿಲ್ಲಿ ನಿಮ್ಮನ್ನ ಒಂಟೆ ಅಂತ ತೋರಿಸ್ತೈತೆ."

ಲಾಗಿನ್ ಆಗದೆ ಬರೀ ಲಿಂಕ್ ಒತ್ತಿ ಬಂದವರಿಗೆ ಆ ಶೀಟ್ ತಾನೇ ಒಂದೊಂದು ಪ್ರಾಣಿಯ ಹೆಸರು ಕೊಡುತ್ತದೆ ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ. ಕುರಿಗಳ ಇಲಾಖೆಯಲ್ಲವೇ, ನೌಕರರಿಗೂ ಪ್ರಾಣಿಯ ಹೆಸರು ಇಟ್ಟಿದ್ದಾರೆ ಎಂದುಕೊಂಡರು ಓಬಳಯ್ಯ. ಒಂಟೆ ಎಂದರೆ ಕಷ್ಟ ಸಹಿಸುವ ಪ್ರಾಣಿ. ತಮ್ಮ ಸೇವೆಯನ್ನು ಕೊನೆಗೂ ಯಾರೋ ಗುರುತಿಸಿದರು ಎಂದು ಒಳಗೊಳಗೇ ಹಿಗ್ಗಿದರು.

ಅಂದಿನಿಂದ ಶೀಟಿನಲ್ಲೇ ಮಾತು ಬೆಳೆಯಿತು. "ಅನ್ನಾ, ತಿಂಟಿರಾ?" ಎಂದು ಗಂಗಾಂಬಿಕಾ ಪಾವಗಡದ ತೆಲುಗಿನಲ್ಲಿ ಊಟ ವಿಚಾರಿಸುವುದು, ತಿಂದದ್ದನ್ನು ಇವರು ವಿವರವಾಗಿ ಬರೆಯುವುದು. ಶಿರಾದ ಗುಮಾಸ್ತ ರಂಗೇಶನೂ ನರಿಯಾಗಿ ಬಂದು ಸೇರಿಕೊಂಡ. ಬರೆದದ್ದನ್ನು ಅಳಿಸಿಬಿಡೋಣ ಎಂದು ಅವನು ಒಮ್ಮೆ ಹೇಳಿದ್ದುಂಟು. "ಸರ್ಕಾರಿ ದಾಖಲೆ ಕಣಯ್ಯ, ಮುಟ್ಟಬ್ಯಾಡ," ಎಂದು ಓಬಳಯ್ಯ ಗದರಿಸಿದ್ದರು.

ತಿಂಗಳ ಕೊನೆಗೆ ಫೋನ್ ಬಂತು. ಮಧುಗಿರಿಗೆ ಹೊಸದಾಗಿ ವರ್ಗವಾಗಿ ಬಂದಿದ್ದ ಅಧಿಕಾರಿ ಶ್ರೀಲತಾ ಮೇಡಂ.

"ಓಬಳಯ್ಯನವರೇ, ನಿಮ್ಮ ವರದಿ ಓದ್ತೀನಿ, ಕೇಳಿ. ಕೊರಟಗೆರೆ, ಲಸಿಕೆ ಪಡೆದ ಟಗರುಗಳು: ಉಪ್ಪಿಟ್ಟು, ಸ್ವಲ್ಪ ಉಪ್ಪು ಜಾಸ್ತಿ. ಪಾವಗಡ, ಸತ್ತ ಕುರಿಗಳು: ಮುದ್ದೆ, ಹುರುಳಿಕಾಳು ಸಾರು. ಶಿರಾ, ಹೊಸದಾಗಿ ಹುಟ್ಟಿದ ಮರಿಗಳು: ಜಲ್ದಿ ಬನ್ನಿ, ಕರೆಂಟು ಹೋಗ್ತದೆ. ಏನ್ರೀ ಇದು?"

ಓಬಳಯ್ಯ ಕುರ್ಚಿಯಿಂದ ಎದ್ದು ನಿಂತರು. "ಮೇಡಂ, ಎಣಿಕೆ ಎಲ್ಲಾ ಪಕ್ಕದ ಚೌಕದಾಗೆ ಸರಿಯಾಗಿ ಐತೆ."

"ನಾಳೆಯೊಳಗೆ ಸಮಜಾಯಿಷಿ ಬರೆದು ಡ್ರೈವ್‌ಗೆ ಹಾಕಿ."

ಹಾಕಿದರು. 'ಮಾನ್ಯರೇ, ನಾನು ಇಪ್ಪತ್ತೊಂಬತ್ತು ವರ್ಷ ನಿಷ್ಕಳಂಕವಾಗಿ' ಎಂದು ಶುರುವಾದ ಆ ಪತ್ರದ ಲಿಂಕ್ ಅಭ್ಯಾಸಬಲದಿಂದ ಮೇಡಂ ಜೊತೆಗೆ ಗಂಗಾಂಬಿಕಾಳಿಗೂ ರಂಗೇಶನಿಗೂ ಹೋಯಿತು. ಮಾರನೆಯ ದಿನ ಮೇಡಂ ಪತ್ರ ತೆರೆದು ಓದತೊಡಗಿದಾಗ ಅದಿನ್ನೂ ಬೆಳೆಯುತ್ತಿತ್ತು. ಒಂಟೆ ತನ್ನ ತಪ್ಪೇನಿಲ್ಲ ಎಂದು ಬರೆಯುತ್ತಿತ್ತು. ಹಿಪ್ಪೋ ಒತ್ತಕ್ಷರ ತಿದ್ದುತ್ತಿತ್ತು. ನರಿ ಕೆಳಗೆ ಬಂದು, "ಮಾಫ್ ಮಾಡಿ ಮೇಡಂ, ನಾನೂ ಇದ್ದೆ," ಎಂದು ಸೇರಿಸಿತು. ಮೇಡಂ ಸ್ವಲ್ಪ ಹೊತ್ತು ನೋಡಿ ತಾವೇ ಒಂದು ಸಾಲು ಬರೆದರು: "ಪ್ರಾಣಿಗಳೆಲ್ಲ ಹೊರಗೆ ಹೋಗಿ. ಸೋಮವಾರ ಮಧುಗಿರಿಗೆ ತರಬೇತಿಗೆ ಬನ್ನಿ."

ಮೂರೂ ಪ್ರಾಣಿಗಳು ಒಟ್ಟಿಗೇ ಮಾಯವಾದವು.

ಸೋಮವಾರ ಓಬಳಯ್ಯ ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು, ಮೊದಲ ಬಸ್ಸಿಗೇ ಹೊರಟರು. ಬೈಗುಳದ ಭಯಕ್ಕಿಂತ ಗಂಗಾಂಬಿಕಾಳನ್ನು ಕಾಣುವ ಸಡಗರವೇ ಹೆಚ್ಚಾಗಿತ್ತು. ಸಭಾಂಗಣದಲ್ಲಿ ಒಬ್ಬ ಹೆಂಗಸು ಕಂಪ್ಯೂಟರಿನ ಮುಂದೆ ಕೂತು ಅದೇ ಶೀಟ್ ತೆರೆದಿದ್ದರು. ಓಬಳಯ್ಯ ಹತ್ತಿರ ಹೋಗಿ, ಅಕ್ಕರೆಯಿಂದ ಬಗ್ಗಿ ಕೇಳಿದರು.

"ಹಿಪ್ಪೋ ನೀವೇನಮ್ಮಾ?"

ಹೆಂಗಸು ಕನ್ನಡಕ ತೆಗೆದರು. "ನಾನು ಶ್ರೀಲತಾ. ನಿಮ್ಮ ಅಧಿಕಾರಿ."

ಓಬಳಯ್ಯ ಥಟ್ಟನೆ ನೆಟ್ಟಗೆ ನಿಂತು ಕೈ ಮುಗಿದರು. ಹಿಂದಿನ ಬೆಂಚಿನಿಂದ ಯಾರೋ ಕಿಸಕ್ಕನೆ ನಕ್ಕರು. ತಿರುಗಿ ನೋಡಿದರೆ ಕಡ್ಡಿಯಂಥ ಒಬ್ಬ ಹುಡುಗಿ, ಸೆರಗನ್ನು ಬಾಯಿಗೆ ಒತ್ತಿಕೊಂಡು, "ನಾನು ಸಾರ್, ನಾನು ಹಿಪ್ಪೋ," ಎಂದು ಕೈ ಎತ್ತಿದ್ದಳು. ಮೇಡಂ ತಡೆದುಕೊಳ್ಳಲು ನೋಡಿದರು, ಆಗಲಿಲ್ಲ. ಅವರೂ ನಕ್ಕುಬಿಟ್ಟರು.

ಆ ದಿನ ಮೂವರಿಗೂ ಹೆಸರು ಹಾಕಿ ಲಾಗಿನ್ ಮಾಡುವುದನ್ನು ಮೇಡಮ್ಮೇ ಕಲಿಸಿದರು. ಗಂಗಾಂಬಿಕಾ ವೈ.ಎನ್. ಹೊಸಕೋಟೆಯ ಹುರಿದ ಕಡಲೆಕಾಯಿ ತಂದಿದ್ದಳು. ಸಿಪ್ಪೆ ಬಿಡಿಸುತ್ತಲೇ ತರಬೇತಿ ನಡೆಯಿತು, ಮೇಡಂ ಅವರ ಮೇಜಿಗೂ ಒಂದು ಬೊಗಸೆ ಹೋಯಿತು. ಸಮಜಾಯಿಷಿಯ ಮಾತು ಯಾರೂ ಎತ್ತಲಿಲ್ಲ.

ಈಗ ನಾಲ್ಕೂ ತಾಲ್ಲೂಕಿನ ವರದಿ ಹೇಳಿದ ದಿನಕ್ಕೆ ಸರಿಯಾಗಿ ತುಂಬಿರುತ್ತದೆ. ಸ್ವಂತ ಹೆಸರು ಪರದೆಯ ಮೇಲೆ ಕಾಣತೊಡಗಿದ ಮೇಲೆ ಓಬಳಯ್ಯನವರಿಗೆ ಶೀಟಿನಲ್ಲಿ ಮಾತಾಡಲು ಸಂಕೋಚ. ಮೂವರೂ ಸೇರಿ ಫೋನಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದಾರೆ. ಮೊನ್ನೆ ಶ್ರೀಲತಾ ಮೇಡಂ ತಮ್ಮನ್ನೂ ಅದಕ್ಕೆ ಸೇರಿಸಿಕೊಳ್ಳಿ ಎಂದು ಕೇಳಿದರಂತೆ. ಯೋಚಿಸಿ ಹೇಳುತ್ತೇವೆ ಎಂದಿದ್ದಾರೆ ಓಬಳಯ್ಯ.