ಹತ್ತೊಂಬತ್ತು ಬೇಡವೆಂದವನು

ಬೊಲೋನ್ಯ ನಗರದಲ್ಲಿ ಪದವಿಗೆ ಮೊದಲೇ ಊರ ನಡುವಿನ ಎತ್ತರದ ಗೋಪುರ ಹತ್ತಿದ ವಿದ್ಯಾರ್ಥಿಗೆ ಪದವಿ ಸಿಗುವುದೇ ಇಲ್ಲವಂತೆ. ಎರ್ಮೆಸ್ ಗಾರ್ದಿನಿ ಇದನ್ನೆಲ್ಲ ನಂಬುವವನಲ್ಲ. ಹಾಗಂತ ಹತ್ತುವವನೂ ಅಲ್ಲ. ವಯಸ್ಸು ಮೂವತ್ತರ ಹೊಸ್ತಿಲಿಗೆ ಬಂದಿತ್ತು. ಜೊತೆಗೆ ಕಾನೂನು ಓದಲು ಸೇರಿದವರು ವಕೀಲರಾಗಿ, ಮದುವೆಯಾಗಿ, ತಲೆಗೂದಲೂ ಉದುರಿಸಿಕೊಳ್ಳತೊಡಗಿದ್ದರು. ಇವನು ಮಾತ್ರ ಹೊರದೇಶಗಳಿಂದ ಓದಲು ಬಂದವರಿಗೆ ಊರು ತೋರಿಸಿ ತನ್ನ ಕೋಣೆಯ ಬಾಡಿಗೆ ಹೊಂದಿಸುತ್ತಿದ್ದ. ಊಟವಾದ ಮೇಲೆ ಹಾಲು ಹಾಕಿದ ಕಾಫಿ ಕೇಳಬೇಡಿ, ಒದ್ದೆ ತಲೆಯಲ್ಲಿ ಬೀದಿಗಿಳಿಯಬೇಡಿ, ಅಂಗಡಿಯ ಹಣ್ಣನ್ನು ಬರಿಗೈಯಲ್ಲಿ ಮುಟ್ಟಬೇಡಿ ಎಂದೆಲ್ಲ ಹೇಳಿಕೊಡುವವನು ಅವನೇ. ಗೋಪುರದ ಬಾಗಿಲಿಗೆ ಬಂದಾಗ ಅವರನ್ನು ಮೇಲೆ ಕಳಿಸಿ, ತಾನು ಕೆಳಗೆ ಉಳಿಯುತ್ತಿದ್ದ. ಉಳಿದರೂ ನಿಂತಲ್ಲಿ ನಿಲ್ಲಲಾರ, ಕೂತಲ್ಲಿ ಕೂರಲಾರ. ಕೂತರೂ ಬಲಗಾಲು ಕುಣಿಯುತ್ತಲೇ ಇರುತ್ತಿತ್ತು.

ಪದವಿಯ ಪ್ರಬಂಧ ಯಾವತ್ತೋ ಬರೆದಾಗಿತ್ತು. ಉಳಿದದ್ದು ಒಂದೇ ಪರೀಕ್ಷೆ, ಸಿವಿಲ್ ಪ್ರೊಸೀಜರ್. ಅದರಲ್ಲೂ ಅವನು ಫೇಲಾದವನಲ್ಲ. ಪ್ರೊಫೆಸರ್ ತಿಬೆರ್ತಿ ಮೇಡಂ ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳಿ, ಪ್ರತಿ ಸಲ ಮೂವತ್ತಕ್ಕೆ ಹತ್ತೊಂಬತ್ತು ಕೊಡುತ್ತಿದ್ದರು. ಹದಿನೆಂಟು ಬಂದರೆ ಪಾಸು. ಆದರೆ ಕೊಟ್ಟ ಅಂಕ ಸಾಲದು ಎನಿಸಿದರೆ, ಬೇಡ ಎಂದು ಎದ್ದುಹೋಗಿ ಮತ್ತೊಮ್ಮೆ ಬಂದು ಕೂರುವ ರೂಢಿ ಇಲ್ಲಿಯದು. ಎರ್ಮೆಸ್ ನಾಲ್ಕು ಸಲ ಎದ್ದುಹೋಗಿದ್ದ.

ಲೂಗೋ ಎಂಬ ಹತ್ತಿರದ ಊರಲ್ಲಿ ಕ್ಷೌರದಂಗಡಿ ಇಟ್ಟಿದ್ದ ಅವನಪ್ಪ ಪ್ರತಿ ಸಲ ಫೋನಿನಲ್ಲಿ ಕೇಳುತ್ತಿದ್ದ.

"ಕೊಟ್ರೇನೋ?"

"ಕೊಟ್ರು. ನಾನೇ ತಗೊಳ್ಳಲಿಲ್ಲ."

"ಯಾಕೋ, ಕೈ ಸುಡ್ತಿತ್ತಾ?"

ಆ ವರ್ಷ ಜಾರ್ಜಿಯಾದಿಂದ ಬಂದ ಕೇತಿ ಎಂಬ ಹುಡುಗಿಗಂತೂ ಇದು ತಲೆಗೇ ಹೋಗಲಿಲ್ಲ. "ಅಲ್ಲ, ಪಾಸು ಮಾಡಿದ್ರೆ ನೀವು ಬೇಡ ಅಂತೀರಾ?"

"ನಿನಗೆ ಗೊತ್ತಾಗಲ್ಲ ಕೇತಿ. ಇದು ಮರ್ಯಾದೆ ಪ್ರಶ್ನೆ."

"ನಮ್ಮೂರಲ್ಲಿ ಇದಕ್ಕೆ ಸೊಕ್ಕು ಅಂತಾರೆ."

ಎರ್ಮೆಸ್ ಸುತ್ತಲಿದ್ದವರ ಜೊತೆ ತಾನೂ ನಕ್ಕ.

ಐದನೆಯ ಸಲದ ಪರೀಕ್ಷೆಯ ಹಿಂದಿನ ದಿನವೂ ಅವನು ಒಂದು ಗುಂಪನ್ನು ಗೋಪುರಕ್ಕೆ ಕರೆತಂದಿದ್ದ. ಎಲ್ಲರೂ ಇಳಿದು ಬಂದರು, ಕೇತಿ ಬರಲಿಲ್ಲ.

"ಮಧ್ಯದಲ್ಲೇ ಕೂತ್ಬಿಟ್ಟಿದ್ದಾಳೆ," ಎಂದಳೊಬ್ಬಳು. "ಎಷ್ಟು ಕರೆದ್ರೂ ಏಳ್ತಿಲ್ಲ. ನೀನೇ ಬರಬೇಕಂತೆ."

ಎರ್ಮೆಸ್ ಟಿಕೆಟ್ ಹರಿಯುವ ಗಯೆತಾನೋನ ಮುಖ ನೋಡಿದ. "ನೀವೇ ಹೋಗಿ ಬನ್ನಿ ಗಯೆತಾನೋ. ನನಗೆ ನಾಳೆ ಪರೀಕ್ಷೆ."

"ನಾನು ಬಾಗಿಲು ಬಿಟ್ಟು ಹೋಗೋ ಹಾಗಿಲ್ಲಪ್ಪ. ನಿನಗೆ ಪದವಿ ಬರೋ ತನಕ ಆ ಹುಡುಗಿ ಅಲ್ಲೇ ಇರಬೇಕಾ? ಮುದುಕಿ ಆಗ್ಬಿಡ್ತಾಳೆ, ಪಾಪ."

ಎರ್ಮೆಸ್ ಬೈದುಕೊಂಡೇ ಒಳಗೆ ನುಗ್ಗಿದ. ಸವೆದು ಓರೆಯಾದ ಮರದ ಮೆಟ್ಟಿಲುಗಳು ಕಾಲಡಿ ಕಿರುಗುಟ್ಟಿದವು. ಅರ್ಧ ದಾರಿಯಲ್ಲಿ ಕೇತಿ ಕಂಬಿ ತಬ್ಬಿಕೊಂಡು ಕೂತಿದ್ದಳು, ಮುಖ ಬಿಳುಚಿಹೋಗಿತ್ತು.

"ಹತ್ತೋಕೆ ಧೈರ್ಯ ಇಲ್ಲ, ಇಳಿಯೋಕೆ ನಾಚಿಕೆ," ಎಂದಳು. "ಅವರೆಲ್ಲ ತುದಿ ಮುಟ್ಟಿ ಬಂದ್ರು. ನಾನು ಅರ್ಧಕ್ಕೇ ವಾಪಸ್ ಹೋಗ್ಲಾ?"

ಎರ್ಮೆಸ್‌ ಅವಳ ಪಕ್ಕದಲ್ಲೇ ಕೂತ. ಆಮೇಲೆ ಕೈ ಚಾಚಿ, "ಅರ್ಧ ಆದ್ರೆ ಅರ್ಧ. ಏಳು," ಎಂದ. ಇಬ್ಬರೂ ಒಂದೊಂದೇ ಮೆಟ್ಟಿಲು ಇಳಿದರು.

ಕೆಳಗೆ ಗಯೆತಾನೋ ಕಾದಿದ್ದ. "ಅರ್ಧ ಹತ್ತಿದ್ದೀಯ, ಅರ್ಧ ಪದವಿ ಖಂಡಿತ."

ಆ ರಾತ್ರಿ ಎರ್ಮೆಸ್‌ಗೆ ನಿದ್ದೆ ಹತ್ತಲಿಲ್ಲ. ನಂಬದವನಿಗೂ ಅರ್ಧ ಗೋಪುರದ ಚಿಂತೆ. ಅದಕ್ಕಿಂತ ಹೆಚ್ಚಾಗಿ ಕೊರೆದದ್ದು ಅರ್ಧಕ್ಕೇ ಇಳಿಯಲು ನಾಚಿಕೆ ಎಂದ ಆ ಹುಡುಗಿಯ ಮಾತು.

ಮರುದಿನ ಪ್ರೊಫೆಸರ್ ತಿಬೆರ್ತಿ ಕೇಳಿದ್ದಕ್ಕೆಲ್ಲ ಅವನು ಎಂದಿನಂತೆ ಅಷ್ಟಿಷ್ಟು ಸರಿಯಾಗಿ, ಅಷ್ಟಿಷ್ಟು ತಡವರಿಸಿ ಉತ್ತರಿಸಿದ.

"ಹತ್ತೊಂಬತ್ತು," ಎಂದರು ಅವರು ಕನ್ನಡಕ ತೆಗೆಯುತ್ತ. "ಬಾಗಿಲು ಯಾವ ಕಡೆ ಅಂತ ನಿಮಗೆ ಗೊತ್ತೇ ಇದೆ, ಗಾರ್ದಿನಿಯವರೇ."

ರೂಢಿಯಂತೆ ಎರ್ಮೆಸ್ ಅರ್ಧ ಎದ್ದೂ ಬಿಟ್ಟಿದ್ದ. ಬೇಡವೆನ್ನುವವರೆಗೆ ತಾನು ಮೂವತ್ತು ಪಡೆಯಬಲ್ಲವನು. ತೆಗೆದುಕೊಂಡ ಕೂಡಲೇ ಹತ್ತೊಂಬತ್ತರವನು, ಊರಿನ ನೂರಾರು ವಕೀಲರಲ್ಲಿ ಒಬ್ಬ. ಇಷ್ಟು ವರ್ಷ ಅವನು ಹೆದರಿದ್ದು ಇದಕ್ಕೇ. ಅವನು ಮತ್ತೆ ಕೂತ.

"ಬರೀರಿ ಮೇಡಂ."

"ಏನು?"

"ಹತ್ತೊಂಬತ್ತು. ಬರ್ಕೊಳ್ಳಿ."

ತಿಬೆರ್ತಿ ಮೇಜಿನ ಮೇಲೆಲ್ಲ ತಡಕಾಡಿದರು, ಕೈಚೀಲ ಜಾಲಾಡಿದರು. ಇವನಿಗೆ ಬೇಕಾಗುವುದಿಲ್ಲವೆಂದು ಅವರು ಪೆನ್ನನ್ನೇ ಹೊರತೆಗೆದಿರಲಿಲ್ಲ. ಕೊನೆಗೆ ಎರ್ಮೆಸ್‌ ತಾನೇ ತನ್ನ ಪೆನ್ನು ಕೊಟ್ಟ.

ಹೊರಗೆ ಕಮಾನಿನ ನೆರಳಲ್ಲಿ ನಿಂತು ಅಪ್ಪನಿಗೆ ಫೋನ್ ಮಾಡಿದ. ಅತ್ತ ಕಡೆ ಕತ್ತರಿಯ ಸದ್ದು ಕೇಳುತ್ತಿತ್ತು.

"ಕೊಟ್ರೇನೋ?"

"ಕೊಟ್ರು. ಹತ್ತೊಂಬತ್ತು."

"ಸರಿ ಬಿಡು. ಊಟ ಮಾಡು ಹೋಗು."

"ತಗೊಂಡೆ ಅಪ್ಪಾ."

ಕತ್ತರಿಯ ಸದ್ದು ನಿಂತಿತು. ಅಪ್ಪ ಮೆಲ್ಲಗೆ ಕೇಳಿದ, "ಸುಡ್ತಾ ಇದೆಯೇನೋ?"

"ಸ್ವಲ್ಪ," ಎಂದ ಎರ್ಮೆಸ್.