ಪಕ್ಷಕ್ಕೆಂದು ಬಿಟ್ಟ ಹಾಗಲಕಾಯಿ

ಭಾದ್ರಪದ ಮುಗಿಯುವ ಹೊತ್ತಿಗೆ ನಮ್ಮ ಹಿತ್ತಲಲ್ಲಿ ಮೈ ಹಣ್ಣಾಗುವಷ್ಟು ಕೆಲಸ. ಮಳೆಗೆ ಸೊಕ್ಕಿದ ಕಸ ಕೀಳಬೇಕು, ಬಾಗಿದ ಚಪ್ಪರಕ್ಕೆ ಗೂಟ ಕೊಡಬೇಕು, ಚವಳಿಕಾಯಿ ಬಲಿಯುವ ಮೊದಲೇ ಹರಿಯಬೇಕು. ದಸರೆಯೊಳಗೆ ಮನೆಯ ಕೌದಿಗಳನ್ನೆಲ್ಲ ಒಗೆದು ಒಣಗಿಸಬೇಕು. ಶಂಶಾಬಾದ್ ದಾಟಿ ಒಳಗೆ ಬಂದರೆ ಸಿಗುವ ಈ ಮನೆಯಲ್ಲಿ, ಅವ್ವ ಹೋದ ಮೇಲೆ ಉಳಿದವಳು ನಾನೊಬ್ಬಳೇ. ತಮ್ಮನ ಫ್ಲ್ಯಾಟು ಪಟ್ಟಣದೊಳಗೆ, ಕೂಕಟ್‌ಪಲ್ಲಿಯಲ್ಲಿ. ಆಳು ಹಚ್ಚು ಎಂದು ಫೋನಿನಲ್ಲಿ ಬುದ್ಧಿ ಹೇಳುತ್ತಾನೆ. ಆಳನ್ನು ನೀನೇ ಹುಡುಕಿ ಕಳಿಸು ಎಂದರೆ ಅವನಿಗೆ ತಟ್ಟನೆ ಮೀಟಿಂಗ್ ನೆನಪಾಗುತ್ತದೆ.

ಅವ್ವ ತೀರಿ ವರ್ಷ ತುಂಬಿದ ಮೇಲೆ ಬಂದ ಮೊದಲ ಪಕ್ಷ ಅದು. ಹೋದವರಿಗೆ ಉಣಬಡಿಸುವ ಆ ದಿನದ ಎಲೆಗೆ ನಮ್ಮ ಮನೆತನದಲ್ಲಿ ಹಾಗಲಕಾಯಿ ಬೇಕೇ ಬೇಕು. ಅದೂ ಹಿತ್ತಲದ್ದೇ ಆಗಬೇಕು ಎನ್ನುವುದು ಅವ್ವನ ಹಟವಾಗಿತ್ತು. ಬೀಜವನ್ನು ಬೂದಿಯಲ್ಲಿ ಹೊರಳಿಸಿ ವರ್ಷದಿಂದ ವರ್ಷಕ್ಕೆ ಕಾದಿಟ್ಟವಳೂ ಅವಳೇ. ಅವಳ ಎಲೆಗೆ ಅವಳ ಬಳ್ಳಿಯ ಕಾಯಿ ಬೀಳಬೇಕು ಎಂಬುದೊಂದೇ ಆಗ ನನಗಿದ್ದ ಆಸೆ.

ತಮ್ಮ ಮಾತ್ರ ಪಕ್ಷವನ್ನು ಮಲ್ಕಾಜ್‌ಗಿರಿಯ ಒಂದು ಮಠದಲ್ಲಿ ಮಾಡುವುದೆಂದು ಗೊತ್ತು ಮಾಡಿಬಿಟ್ಟಿದ್ದ. ಅಲ್ಲಿ ಅಡಿಗೆಯವರು, ಭಟ್ಟರು ಎಲ್ಲ ಒಂದೇ ಕಡೆ ಸಿಗುತ್ತಾರಂತೆ. ಮಾಡುವವನು ಮಗ, ಮಗಳ ಮಾತು ಯಾರಿಗೆ ಬೇಕು? ಕಾಯಿಪಲ್ಯವಾದರೂ ನಮ್ಮದಿರಲಿ ಎಂದೆ. ಹೂಂ ಎಂದ.

ಆ ಹೂಂ ನಂಬಿ ಬಳ್ಳಿ ಕಾದೆ. ನಾನೂ ಒಂದು ಕಾಯಿ ಮುಟ್ಟಲಿಲ್ಲ, ಕೇಳಿ ಬಂದವರಿಗೂ ಇಲ್ಲ ಎಂದೆ. ಹಿಂದಿನ ದಿನ ಸೊಂಟ ಹಿಡಿದುಕೊಂಡೇ ಹರಿದು, ಹುಳ ಬಿದ್ದದ್ದನ್ನು ಆರಿಸಿ ತೆಗೆದು, ಚೀಲ ತುಂಬಿ ಕೊಟ್ಟೆ. ತಮ್ಮ ಕಾರಿನಿಂದ ಇಳಿಯಲೂ ಇಲ್ಲ, ಡಿಕ್ಕಿ ತೆರೆದ, ಅಷ್ಟೇ.

ಮಠದಲ್ಲಿ ಊಟಕ್ಕೆ ಕೂತೆವು. ನಮ್ಮದು ಮೈತುಂಬ ಮುಳ್ಳಿರುವ ಗಿಡ್ಡ ಕಾಯಿ, ಕಡುಹಸಿರು. ನನ್ನ ಎಲೆಗೆ ಬಿದ್ದದ್ದು ಮಾರ್ಕೆಟ್ಟಿನ ಬಿಳಿ ಹಾಗಲದ ದಪ್ಪ ಹೋಳು. ಪಕ್ಷದ ಊಟದಲ್ಲಿ ಅಡಿಗೆಯ ಮಾತೆತ್ತಬಾರದು, ಎಲೆಯಲ್ಲಿ ಏನೂ ಬಿಡಲೂ ಬಾರದು. ಒಂದು ಹೋಳೂ ಬಿಡದೆ ಎಲ್ಲವನ್ನೂ ಉಂಡೆ.

ಕೈ ತೊಳೆದ ಮೇಲೆ, ನಮ್ಮ ಕಾಯಿ ಏನಾದವು ಎಂದು ತಮ್ಮನ ಹೆಂಡತಿಯನ್ನು ಕೇಳಿದೆ. ಅವಳಿಗೆ ಮುಚ್ಚಿಡಬೇಕು ಎಂದೂ ಅನ್ನಿಸಲಿಲ್ಲ.

"ನಮ್ಮ ಅಪಾರ್ಟ್‌ಮೆಂಟಿನ್ಯಾಗ ಎಲ್ಲಾರಿಗೂ ಹಂಚಿದೆ ನೋಡ್ರಿ ಅಕ್ಕಾರ. ಭಾಳ ಖುಷಿಪಟ್ರು. ಇನ್ನೊಂದು ಚೀಲ ಕಳಸ್ರಿ."

ತಮ್ಮ ಚಪ್ಪಲಿ ಹುಡುಕುತ್ತಲೇ ಹೇಳಿದ, "ಇಲ್ಲೆ ಹೊರಗಿಂದು ತಗೊಳ್ಳಂಗಿಲ್ಲ ಅಕ್ಕಾ."

ಅವ್ವ ಕಾದಿಟ್ಟ ಬೀಜದಿಂದ ಬೆಳೆದದ್ದು ಹೊರಗಿನದಂತೆ! ಯಾವನೋ ಲಾರಿಯಲ್ಲಿ ತಂದು ಸುರಿದದ್ದು ಅವ್ವನ ಎಲೆಗೆ ನಡೆಯುತ್ತದೆ. ತಮ್ಮ ಮೆಟ್ರೋ ನಿಲ್ದಾಣದವರೆಗೆ ಬಿಡುತ್ತೇನೆ ಎಂದ, ಬೇಡ ಎಂದು ಬಂದುಬಿಟ್ಟೆ.

ಮರುದಿನ ಕೌದಿ ಒಗೆಯುವುದನ್ನು ಬಿಟ್ಟು ಚಪ್ಪರದಡಿ ಹೋದೆ. ಎಲೆಯ ಮರೆಯಲ್ಲಿ ಉಳಿದಿದ್ದ ಒಂದಿಷ್ಟು ಕಾಯಿ ಹರಿದು, ಗುರೆಳ್ಳು ಪುಡಿ ಹಾಕಿ ಅವ್ವ ಮಾಡುತ್ತಿದ್ದ ಹಾಗೆಯೇ ಪಲ್ಯ ಮಾಡಿದೆ. ಬಾಳೆಎಲೆ ಕೊಯ್ದು ತಂದು ಅನ್ನವನ್ನೂ ಬಡಿಸಿದೆ. ಅದನ್ನು ಅವ್ವನ ಹೆಸರಿನಲ್ಲಿ ಹೊರಗೆ ಕಾಗೆಗೆ ಇಡಬೇಕೆಂದು ಬಾಗಿಲವರೆಗೆ ಒಯ್ದವಳು ಅಲ್ಲೇ ನಿಂತೆ.

ಅಪ್ಪನ ಪಕ್ಷದ ದಿನ ಹೀಗೆಯೇ ಎಲೆ ಹಿಡಿದು ಹೊರಟಾಗ ಅವ್ವ ನನ್ನ ಕೈಯಿಂದ ಅದನ್ನು ಕಸಿದುಕೊಂಡು ತಮ್ಮನ ಕೈಗೆ ಕೊಟ್ಟಿದ್ದಳು.

"ಹೆಣ್ಣುಮಕ್ಕಳು ಇಟ್ಟದ್ದು ಹೋದವರಿಗೆ ಮುಟ್ಟಂಗಿಲ್ಲ" ಎಂದಿದ್ದಳು.